ನಳಿಗೆಯೊಳಗೊಂದು ನಳಿಗೆ

ಹೈದರಾಬಾದಿನಿಂದ ಹತ್ತಿರದ ಕಡಲ ತೀರಕ್ಕೆ ರಸ್ತೆಯಲ್ಲಿ 300 ಕಿಲೋಮೀಟರಿಗೂ ಹೆಚ್ಚು ದೂರ. ಊರ ನಡುವಿನ ಹುಸೇನ್ ಸಾಗರ ಹೆಸರಿಗೆ ಮಾತ್ರ ಸಾಗರ. ಅಲ್ಲಿ ಹಾಯಿದೋಣಿಗಳ ಪಂದ್ಯ ನಡೆಯುವುದುಂಟು. ದೋಣಿ ಮಗುಚಿದರೆ ನೆಕ್ಲೇಸ್ ರಸ್ತೆಯಲ್ಲಿ ಜೋಳದ ತೆನೆ ತಿನ್ನುತ್ತ ನಿಂತವರಿಗೂ ಕಾಣುತ್ತದೆ. ಸಹಾಯ ಕೇಳಲು ಆಕಾಶಕ್ಕೆ ಕೆಂಪು ಬೆಳಕು ಹಾರಿಸಬೇಕಾಗಿಲ್ಲ. ಆದ್ದರಿಂದ ಅಂಥ ಊರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಫ್ಲೇರ್ ಗನ್ ಮಾರಲು ಹೊರಟರೆ ಮೊದಲು ಏಳುವ ಪ್ರಶ್ನೆ ಕಾನೂನಿನದಲ್ಲ. ಕೊಳ್ಳುವವರಿಗೆ ಇದು ಏತಕ್ಕೆ ಬೇಕು?

ಪ್ರಾಮಾಣಿಕ ಉತ್ತರಗಳು ಇಲ್ಲದಿಲ್ಲ. ಸಿಕಂದರಾಬಾದಿನ ದಂಡು ಪ್ರದೇಶದ ಸುತ್ತ, ತಿರುಮಲಗಿರಿ, ಸೈನಿಕಪುರಿಗಳಲ್ಲಿ, ಎರಡು ಮೂರು ತಲೆಮಾರು ಸೈನ್ಯದಲ್ಲಿದ್ದ ಕುಟುಂಬಗಳಿವೆ. ಅಂಥ ಮನೆಯೊಂದರಲ್ಲಿ ಅಜ್ಜನ ಟ್ರಂಕಿನ ತಳದಲ್ಲಿ ಎರಡನೇ ಮಹಾಯುದ್ಧ ಕಾಲದ ಹಿತ್ತಾಳೆಯ ಸಂಕೇತ ಪಿಸ್ತೂಲು ಸಿಕ್ಕಿತು ಎಂದಿಟ್ಟುಕೊಳ್ಳೋಣ. ಹಳೆಯ ವಸ್ತು ಸಂಗ್ರಹಿಸುವವರಿಗೆ ಅದು ಬೇಕು. ಸಿನಿಮಾದವರಿಗೂ ಬೇಕಾಗಬಹುದು, ಆ ಊರಿನಲ್ಲಿ ಚಿತ್ರೀಕರಣಕ್ಕೇನೂ ಬರವಿಲ್ಲ. ಆದರೆ ಅದರ ಜೊತೆಗೆ ಬೆರಳುದ್ದದ, ಒಳಗೆ ತೂತಿರುವ ಒಂದು ಉಕ್ಕಿನ ಕೊಳವೆಯನ್ನೂ ಯಾರಾದರೂ ಕೇಳಿದರೆ, ಮಾತು ಸಂಗ್ರಹದಿಂದ ಆಚೆಗೆ ಹೋಯಿತು ಎಂದೇ ಅರ್ಥ.

ಈ ಪಿಸ್ತೂಲಿನ ಹುಟ್ಟು ಹಡಗಿನದು. ಅಮೆರಿಕದ ನೌಕಾಪಡೆಯ ಅಧಿಕಾರಿ ಎಡ್ವರ್ಡ್ ವಿಲ್ಸನ್ ವೇರಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ರೂಢಿಗೆ ತಂದ ಬಣ್ಣದ ಬೆಳಕಿನ ಸಂಕೇತ ಪದ್ಧತಿಯಿಂದ ಅದಕ್ಕೆ ವೇರಿ ಪಿಸ್ತೂಲು ಎಂಬ ಹೆಸರು ಬಂತು. ಮೋಟು ನಳಿಗೆ, ದೊಡ್ಡ ಬಾಯಿ, ಸೇನೆಗಳು ಬಳಸಿದವುಗಳಲ್ಲಿ ಸಾಮಾನ್ಯವಾಗಿ 26.5 ಮಿಲಿಮೀಟರ್. ಬೆಳಕಿನ ಉಂಡೆಯನ್ನು ಮೇಲಕ್ಕೆ ಎಸೆಯುವಷ್ಟೇ ಒತ್ತಡ ತಾಳುವಂತೆ ಮಾಡಿದ್ದು. ತಮಾಷೆಯೆಂದರೆ ಇಂದಿನ ಹಡಗುಗಳಿಗೇ ಇದು ಅನಿವಾರ್ಯವಲ್ಲ. ಕಡಲ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಸರಕು ಹಡಗು ಇಟ್ಟುಕೊಳ್ಳಬೇಕಾದದ್ದು ಕನಿಷ್ಠ 12 ಪ್ಯಾರಾಚೂಟ್ ರಾಕೆಟ್ ಫ್ಲೇರ್‌ಗಳನ್ನು. ಅವು ಕೈಯಲ್ಲಿ ಹಿಡಿದೇ ಹಾರಿಸುವಂಥವು, ಪಿಸ್ತೂಲು ಬೇಡ. ‘ಜೀವ ಉಳಿಸುವ ಸಾಧನ’ ಎಂದು ಒಣ ನೆಲದ ಊರಿನಲ್ಲಿ ಮಾರುವವರು ಹೇಳುವ ಮಾತನ್ನು ಕೇಳುವಾಗ ಇದು ನೆನಪಿರಬೇಕು.

ಕೊಳವೆಯ ಕತೆ ಬೇರೆ. ಅಮೆರಿಕದಲ್ಲಿ ದೋಣಿ ಸಾಮಾನಿನ ಅಂಗಡಿಯಲ್ಲಿ ಫ್ಲೇರ್ ಗನ್ ಕಾಗದಪತ್ರವಿಲ್ಲದೆ ಸಿಗುತ್ತದೆ. ಅಲ್ಲಿನ ಕಾನೂನು ಅದನ್ನು ಬಂದೂಕು ಎಂದು ಎಣಿಸುವುದಿಲ್ಲ. ಅದರ ದೊಡ್ಡ ಬಾಯೊಳಗೆ ಕೂರುವ, ನಿಜವಾದ ತೋಟಾ ಹಿಡಿಯುವ ಸಣ್ಣ ನಳಿಗೆಗಳನ್ನು ‘ಇನ್ಸರ್ಟ್’ ಎಂಬ ಹೆಸರಿನಲ್ಲಿ ಬೇರೆಯವರು ಮಾರುತ್ತಾರೆ. ಎರಡೂ ಬಿಡಿಬಿಡಿಯಾಗಿ ಅಮಾಯಕ, ಒಬ್ಬನ ಕೈಯಲ್ಲಿ ಕೂಡಿದರೆ ಬಂದೂಕು. ಅಲ್ಲಿನ ಕೇಂದ್ರ ಶಸ್ತ್ರಾಸ್ತ್ರ ಸಂಸ್ಥೆ 1995ರಲ್ಲೇ ಹೊರಡಿಸಿದ ಒಂದು ಆದೇಶದಲ್ಲಿ, 37 ಮಿಲಿಮೀಟರಿನ ಫ್ಲೇರ್ ಗನ್ ಇರುವವರ ಬಳಿ ಮನುಷ್ಯರ ಮೇಲೆ ಪ್ರಯೋಗಿಸುವ ರಬ್ಬರ್ ಅಥವಾ ಮರದ ಗುಂಡಿನ ತೋಟಾಗಳೂ ಇದ್ದರೆ ಅದು ವಿಧ್ವಂಸಕ ಸಾಧನವೇ ಎಂದಿತು. ಗನ್ ಬದಲಾಗಲಿಲ್ಲ, ಪಕ್ಕದಲ್ಲಿಟ್ಟ ವಸ್ತು ಅದರ ಜಾತಿಯನ್ನು ಬದಲಿಸಿತು.

ಭಾರತದ ಕಾನೂನು ಇನ್ನೊಂದು ತುದಿಯಿಂದ ಹೊರಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ಫ್ಲೇರ್ ಗನ್’ ಎಂಬ ಪದವೇ ಇಲ್ಲ, ಬೇಕಾಗಿಯೂ ಇಲ್ಲ. ಸ್ಫೋಟಕದ ಅಥವಾ ಬೇರೆ ಯಾವುದೇ ಶಕ್ತಿಯ ಬಲದಿಂದ ಯಾವುದೇ ಬಗೆಯ ವಸ್ತುವನ್ನು ಹಾರಿಸಲು ರೂಪಿಸಿದ ಅಥವಾ ಮಾರ್ಪಡಿಸಿದ ಆಯುಧವೆಲ್ಲ ಬಂದೂಕು ಎಂದು ಅದು ಹೇಳುತ್ತದೆ. ಬಂದೂಕಿನ ಬಿಡಿಭಾಗಗಳನ್ನೂ ಅದೇ ಬುಟ್ಟಿಗೆ ಹಾಕುತ್ತದೆ. ‘ರೂಪಿಸಿದ ಅಥವಾ ಮಾರ್ಪಡಿಸಿದ’ ಎಂಬ ಎರಡು ಪದಗಳಲ್ಲಿ ಇಡೀ ವಿವಾದದ ಅರ್ಧ ಮುಗಿದುಹೋಗುತ್ತದೆ. ತಯಾರಕರು ಬೆಳಕಿಗಾಗಿ ಮಾಡಿದ್ದರೂ ನಡುವೆ ಯಾರೋ ಗುಂಡಿಗಾಗಿ ಮಾರ್ಪಡಿಸಿದರೆ ಸಾಕು.

ಅದೇ ಕಾಯ್ದೆ ಆಟಿಕೆಗಳನ್ನು ಹೊರಗಿಡುವ ರೀತಿಯೂ ಗಮನಿಸುವಂಥದ್ದು. ಆಟಿಕೆಯಾಗಲ್ಲದೆ ಬೇರೆ ರೀತಿ ಬಳಸಲು ಬಾರದ, ಬಳಸಬಹುದಾದ ಆಯುಧವಾಗಿ ಪರಿವರ್ತಿಸಲೂ ಬಾರದ ವಸ್ತುವಿಗೆ ಮಾತ್ರ ವಿನಾಯಿತಿ. 1959ರಲ್ಲಿ, ಇಂಟರ್ನೆಟ್ ಅಂಗಡಿಗಳಾಗಲಿ ಮೂರು ಆಯಾಮದ ಮುದ್ರಣ ಯಂತ್ರಗಳಾಗಲಿ ಇಲ್ಲದ ಕಾಲದಲ್ಲಿ, ಕಾಯ್ದೆ ಬರೆದವರಿಗೆ ಪರಿವರ್ತನೆಯ ಅಪಾಯ ಹೊಳೆದಿತ್ತು. ಆರನೆಯ ಸೆಕ್ಷನ್ ನೇರವಾಗಿ ಅದನ್ನೇ ಹಿಡಿಯುತ್ತದೆ: ನಳಿಗೆ ಮೊಟಕು ಮಾಡುವುದು, ನಕಲಿ ಬಂದೂಕನ್ನು ಅಸಲಿಯಾಗಿಸುವುದು, ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ತಿರುಗಿಸುವುದು, ಇವೆಲ್ಲಕ್ಕೂ ಲೈಸೆನ್ಸ್ ಬೇಕು.

ಹಾಗಾದರೆ ‘ನಾನು ಬರೀ ಪೈಪು ಮಾರಿದೆ’ ಎನ್ನುವವರ ಗತಿ? ಈ ವಾದ ಎಲ್ಲ ಕಡೆಯೂ ಕೇಳಿಬರುತ್ತದೆ, ಮೇಲ್ನೋಟಕ್ಕೆ ಗಟ್ಟಿಯಾಗಿಯೂ ಇದೆ. ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಸಣ್ಣಪುಟ್ಟ ಬಿಡಿಭಾಗಗಳಿಗೆ ವಿನಾಯಿತಿ ಇರುವುದು ನಿಜ. ಆದರೆ ಆ ಬಿಡಿಭಾಗವನ್ನು ಅದಕ್ಕೆ ಹೊಂದುವ ಇತರ ಭಾಗಗಳ ಜೊತೆ ಬಳಸುವ ಉದ್ದೇಶ ಇರಬಾರದು. ಆ ಇತರ ಭಾಗಗಳನ್ನು ಪಡೆದವನು ಅದೇ ವ್ಯಕ್ತಿಯಾಗಿರಲಿ, ಬೇರೆ ಯಾವನೇ ಆಗಿರಲಿ. ಈ ಕೊನೆಯ ತುಂಡನ್ನು ಬರೆದವರು ಯಾರೋ, ಸಂತೆಯ ವ್ಯಾಪಾರ ಬಲ್ಲವರೇ ಇರಬೇಕು. ಗನ್ ಒಂದು ಕಡೆ, ಕೊಳವೆ ಇನ್ನೊಂದು ಕಡೆ, ಎರಡು ಊರು, ಎರಡು ಪಾರ್ಸೆಲ್, ಎರಡು ಹೆಸರು: ಇಂಥ ಜಾಣತನಕ್ಕೆಲ್ಲ ಅಲ್ಲಿ ಬಾಗಿಲು ಮುಚ್ಚಿದೆ. ಫ್ಲೇರ್ ಗನ್ನಿನ ಅಳತೆಗೆ ಹೊರಮೈ, ಪಿಸ್ತೂಲು ತೋಟಾದ ಅಳತೆಗೆ ಒಳಮೈ ಕಡೆದ ಕೊಳವೆಗೆ ಬೇರೆ ಯಾವ ಉಪಯೋಗವೂ ಇಲ್ಲ. ಅದರಲ್ಲಿ ನೀರು ಹರಿಸಲು ಯಾರೂ ಕೊಳ್ಳುವುದಿಲ್ಲ. ಉದ್ದೇಶ ಅದರ ಆಕಾರದಲ್ಲೇ ಬರೆದಿದೆ. ಕೊಳವೆಯೇ ಬಂದೂಕು, ಸುತ್ತಲಿನ ಪಿಸ್ತೂಲು ಅದಕ್ಕೊಂದು ಹಿಡಿ ಅಷ್ಟೇ.

ಹಡಗಿನಿಂದ ಬಂದದ್ದು ಎಂಬ ಸಮರ್ಥನೆಯನ್ನೂ ಅದೇ ಸೆಕ್ಷನ್ ತೀರಿಸುತ್ತದೆ. ಸಮುದ್ರಯಾನದ ಹಡಗು ಮತ್ತು ವಿಮಾನಗಳಲ್ಲಿ ಮಾಮೂಲು ಸಲಕರಣೆಯ ಭಾಗವಾಗಿರುವ ಆಯುಧಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ. ವಿನಾಯಿತಿ ಇರುವುದು ಹಡಗಿನ ಮೇಲೆ ಇರುವತನಕ. ಗುಜರಾತಿನ ಅಲಂಗ್‌ನಲ್ಲಿ ಹಡಗು ಒಡೆದಾಗ ಕುರ್ಚಿ, ಗಡಿಯಾರ, ದೀಪಗಳೆಲ್ಲ ರಸ್ತೆ ಬದಿಯ ಅಂಗಡಿಗಳಿಗೆ ಬರುತ್ತವೆ. ಸಂಕೇತ ಪಿಸ್ತೂಲು ಅವುಗಳ ಹಾಗೆ ಬರುವಂತಿಲ್ಲ.

ಇಲ್ಲಿಯವರೆಗೆ ಕಾನೂನಿಗೆ ಶಹಭಾಸ್ ಎನ್ನಬಹುದು. ತೊಂದರೆ ಶುರುವಾಗುವುದು ಸೈನಿಕಪುರಿಯ ಆ ಟ್ರಂಕಿನ ಬಳಿ.

ಅಜ್ಜನ ಹಿತ್ತಾಳೆ ಪಿಸ್ತೂಲಿಗೆ ಕೊಳವೆಯಿಲ್ಲ, ತೋಟಾ ಇಲ್ಲ, ಲೈಸೆನ್ಸೂ ಇಲ್ಲ. ಮೊಮ್ಮಗಳು ಅದನ್ನು ಹಳೆಯ ವಸ್ತು ಎಂದು ಮಾರಲು ಹೊರಟರೆ? ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಗಳಿಗೆ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ ಎಂದು ಬಲ್ಲವರು ಸಲಹೆ ಕೊಡುತ್ತಾರೆ. ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ರಿಪೇರಿ ಮಾಡಿಯೂ ಮಾಡದೆಯೂ ಬಂದೂಕಾಗಿ ಬಳಸಲು ಬಾರದಂಥದ್ದು ಎಂಬ ಷರತ್ತು ಬೆನ್ನಿಗೇ ಇದೆ. ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲ, ಸ್ಪ್ರಿಂಗು ಸರಿಯಿದ್ದರೆ ಪಿಸ್ತೂಲು ಇಂದಿಗೂ ಹಾರುತ್ತದೆ. ವಯಸ್ಸು ಅದಕ್ಕೆ ರಕ್ಷಣೆ ಕೊಡದು.

ಖಾಸಗಿಯಾಗಿ ಮಾರುವುದಕ್ಕೆ ಕಾಯ್ದೆಯಲ್ಲಿ ದಾರಿಯೇನೋ ಇದೆ. ಐದನೆಯ ಸೆಕ್ಷನ್ ಪ್ರಕಾರ, ಸ್ವಂತ ಬಳಕೆಗೆಂದು ಕಾನೂನುಬದ್ಧವಾಗಿ ಇಟ್ಟುಕೊಂಡ ಆಯುಧವನ್ನು ವ್ಯಾಪಾರಿ ಲೈಸೆನ್ಸ್ ಇಲ್ಲದವರೂ ಮಾರಬಹುದು. ಕೊಳ್ಳುವವರಿಗೆ ಅದನ್ನು ಇಟ್ಟುಕೊಳ್ಳುವ ಹಕ್ಕಿರಬೇಕು. ಅವರ ಹೆಸರು ವಿಳಾಸ ಸಹಿತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಬೇಕು. ತಿಳಿಸಿದ ಮೇಲೆ 45 ದಿನ ಕಾಯಬೇಕು. ಹೈದರಾಬಾದಿನಂಥ ನಗರದಲ್ಲಿ ಮ್ಯಾಜಿಸ್ಟ್ರೇಟರ ಜಾಗದಲ್ಲಿ ಪೊಲೀಸ್ ಕಮಿಷನರ್ ಇರುತ್ತಾರೆ. ಮಲೆನಾಡಿನ ಜೋಡುನಳಿಗೆ ಕೋವಿಗೆ ಇದು ಸರಿಹೋಗುತ್ತದೆ, ಏಕೆಂದರೆ ಅದಕ್ಕೊಂದು ಲೈಸೆನ್ಸ್ ಪುಸ್ತಕ ಇರುತ್ತದೆ, ಚುನಾವಣೆ ಬಂದಾಗ ಠಾಣೆಯಲ್ಲಿಟ್ಟು ಬಂದ ರಸೀದಿಗಳಿರುತ್ತವೆ. ಟ್ರಂಕಿನ ಪಿಸ್ತೂಲಿಗೆ ಅದಾವುದೂ ಇಲ್ಲ. ಕಾನೂನುಬದ್ಧವಾಗಿ ಇಟ್ಟುಕೊಂಡದ್ದು ಎಂಬ ಮೊದಲ ಮೆಟ್ಟಿಲಲ್ಲೇ ಮೊಮ್ಮಗಳು ಎಡವುತ್ತಾಳೆ.

ಎಡವಿದರೆ ಪೆಟ್ಟು ಎಷ್ಟು? 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಮೇಲೆ, ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವ, ಮಾರುವ, ಪರಿವರ್ತಿಸುವ ಅಪರಾಧಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಅಪರಾಧ ಸಾಬೀತಾದರೆ ಲೇತಿನಲ್ಲಿ ಕೊಳವೆ ಕಡೆದು ಡಜನ್ನುಗಟ್ಟಲೆ ಮಾರಿದವನಿಗೂ ಅಜ್ಜನ ಹಿತ್ತಾಳೆ ಮಾರಿದವಳಿಗೂ ಕನಿಷ್ಠ ಶಿಕ್ಷೆಯ ಗೆರೆ ಒಂದೇ. ನ್ಯಾಯಾಧೀಶರ ಕೈಗೆ ಕೊಡಬೇಕಾದ ತಕ್ಕಡಿಯನ್ನು ಸಂಸತ್ತು ತನ್ನ ಬಳಿಯೇ ಇಟ್ಟುಕೊಂಡಿದೆ. ಇದು ಕಠಿಣ ಕಾನೂನು ಎನ್ನುವವರಿದ್ದಾರೆ; ಒರಟು ಕಾನೂನು ಎನ್ನುವುದೇ ಸರಿ. ಇಷ್ಟು ಭಾರದ ಶಿಕ್ಷೆ ಎದುರಿಗಿದ್ದಾಗ ಟ್ರಂಕು ತೆರೆದವರು ಏನು ಮಾಡುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಠಾಣೆಗೆ ಹೋಗುವುದಿಲ್ಲ. ಮತ್ತೆ ಟ್ರಂಕಿಗೆ ಹಾಕುತ್ತಾರೆ, ಇಲ್ಲವೇ ಹೆಸರು ಕೇಳದೆ ಕೊಳ್ಳುವವರಿಗೆ ದಾಟಿಸುತ್ತಾರೆ. ಎರಡನೆಯದೇ ಸಮಾಜಕ್ಕೆ ಹೆಚ್ಚು ಕೆಟ್ಟದ್ದು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವೇನು, ದುಷ್ಟರು ಫ್ಲೇರ್ ಗನ್ ಹುಡುಕಿಕೊಂಡು ಹೋಗುತ್ತಾರೆಯೇ ಎಂಬ ಆಕ್ಷೇಪಕ್ಕೆ ಬಲವಿದೆ. 2025ರ ಜನವರಿ 16ರಂದು ಬೀದರಿನಲ್ಲಿ ಎಟಿಎಂಗೆ ತುಂಬಿಸುವ ಹಣ ಒಯ್ಯುತ್ತಿದ್ದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ದೋಚಿದವರು ಅದೇ ದಿನ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಬ್ಯಾಗು ನೋಡಲು ಬಂದ ಟ್ರಾವೆಲ್ಸ್ ನೌಕರನ ಮೇಲೂ ಹಾರಿಸಿದರು. ಎಂ.ಎಂ. ಕಲಬುರ್ಗಿ ಮತ್ತು ಗೌರಿ ಲಂಕೇಶ್ ಅವರ ಹತ್ಯೆಗೆ ಬಳಕೆಯಾದದ್ದು ಒಂದೇ 7.65 ಮಿಲಿಮೀಟರಿನ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಸಂಚು ಮಾಡಿ ಕೊಲ್ಲುವವರಿಗೆ ನಾಡ ಪಿಸ್ತೂಲಿನ ಜಾಲವೇ ಇದೆ. ಹಿತ್ತಾಳೆಯ ಗೊಡವೆ ಅವರಿಗೆ ಬೇಡ.

ಆದರೆ ಬಂದೂಕಿನ ಕಾನೂನು ಇರುವುದು ಸಂಚುಕೋರರಿಗಾಗಿ ಮಾತ್ರವಲ್ಲ. ‘ಇದು ಬಂದೂಕೇ ಅಲ್ಲ’ ಎಂದು ನಂಬಿದವರ ಕೈಯಲ್ಲಿ ಆಗುವ ಅನಾಹುತಗಳ ಪಟ್ಟಿ ಬೇರೆಯೇ ಇದೆ. 2022ರ ಮಾರ್ಚ್‌ನಲ್ಲಿ ಹೈದರಾಬಾದಿನ ಪಕ್ಕದ ಸಂಗಾರೆಡ್ಡಿ ಜಿಲ್ಲೆಯ ತೋಟದ ಮನೆಯೊಂದರಲ್ಲಿ ಏರ್‌ಗನ್ನಿನಿಂದ ಸಿಡಿದ ಗುಂಡಿಗೆ ನಾಲ್ಕು ವರ್ಷದ ಹುಡುಗಿ ಬಲಿಯಾಯಿತು. 2016ರ ನಿಯಮಗಳಲ್ಲಿ 20 ಜೌಲ್ ಶಕ್ತಿ ಮತ್ತು 4.5 ಮಿಲಿಮೀಟರ್ ಅಳತೆ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಜನ ಅದನ್ನು ಅಪಾಯವಿಲ್ಲ ಎಂದು ಓದಿಕೊಳ್ಳುತ್ತಾರೆ. ಅದೇ ವರ್ಷ ಆಗಸ್ಟ್‌ನಲ್ಲಿ ಮಹಬೂಬ್‌ನಗರದ ಸ್ವಾತಂತ್ರ್ಯೋತ್ಸವದ ಮೆರವಣಿಗೆಯಲ್ಲಿ ಆಗಿನ ತೆಲಂಗಾಣ ಸಚಿವ ವಿ. ಶ್ರೀನಿವಾಸ ಗೌಡ್ ಪೊಲೀಸರ ರೈಫಲಿನಿಂದ ಗಾಳಿಯಲ್ಲಿ ಗುಂಡು ಹಾರಿಸಿ, ಅದು ರಬ್ಬರ್ ಗುಂಡು ಎಂದು ಸಮಜಾಯಿಷಿ ಕೊಟ್ಟರು. ‘ಯಾವುದೇ ಬಗೆಯ ವಸ್ತು’ ಎನ್ನುವ ಕಾಯ್ದೆಯ ವ್ಯಾಖ್ಯೆಗೆ ರಬ್ಬರು, ಸೀಸ ಎಂಬ ಭೇದವಿಲ್ಲ. ಮಂತ್ರಿಗಳಿಗೇ ಆ ಭೇದ ದೊಡ್ಡದಾಗಿ ಕಂಡರೆ ಮದುವೆ ಮನೆಯ ಹುಡುಗರನ್ನು ಏನೆನ್ನುವುದು?

2025ರ ದೀಪಾವಳಿಯಲ್ಲಿ ಭೋಪಾಲ, ವಿದಿಶಾ ಕಡೆ ನಡೆದದ್ದು ಇದಕ್ಕೆಲ್ಲ ಕಳಶ. ಪ್ಲಾಸ್ಟಿಕ್ ಪೈಪು, ಗ್ಯಾಸ್ ಲೈಟರು, ಒಂದು ಚೂರು ಕ್ಯಾಲ್ಸಿಯಂ ಕಾರ್ಬೈಡ್, ಒಂದಿಷ್ಟು ನೀರು. ಹೊಲದಲ್ಲಿ ಕೋತಿ ಓಡಿಸಲೆಂದು ರೈತರು ಬಳಸುತ್ತಿದ್ದ ಸಾಧನ ಆಟಿಕೆಯಾಗಿ ರಸ್ತೆ ಬದಿಯಲ್ಲಿ ನೂರಿನ್ನೂರು ರೂಪಾಯಿಗೆ ಮಾರಾಟವಾಯಿತು. ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಕಣ್ಣಿನ ಗಾಯವಾಗಿ ಆಸ್ಪತ್ರೆ ಸೇರಿದರು. ಕೆಲವರ ದೃಷ್ಟಿ ಹೋಯಿತು. ಮೆಹದಿಪಟ್ಟಣದ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆಯ ವೈದ್ಯರಿಗೆ ದೀಪಾವಳಿಯ ರಾತ್ರಿ ಎಂದರೇನೆಂದು ಗೊತ್ತು. ಪಟಾಕಿಗಳ ಸಾಲಿಗೆ ಇಂಥ ಪೈಪುಗಳೂ ಸೇರುವುದನ್ನು ಅವರು ಬಯಸಲಾರರು. ಮನೆಬಳಕೆಗೆ, ಕೃಷಿಗೆ ಮಾತ್ರವೇ ರೂಪಿಸಿದ ವಸ್ತು ಆಯುಧವಲ್ಲ ಎಂದು ಕಾಯ್ದೆ ಹೇಳುತ್ತದೆ. ‘ಮಾತ್ರವೇ’ ಎಂಬ ಪದವನ್ನು ಮಾರುವವರು ನುಂಗಿಬಿಡುತ್ತಾರೆ. ಕೋತಿಗೆಂದು ಮಾಡಿದ್ದು, ಹಡಗಿಗೆಂದು ಮಾಡಿದ್ದು, ಸಿನಿಮಾಕ್ಕೆಂದು ಮಾಡಿದ್ದು: ಸರಕು ಬೇರೆ, ಮಾತು ಒಂದೇ.

ಕೊಳವೆಯಿಲ್ಲದ ಬರೀ ಫ್ಲೇರ್ ಕೂಡ ಸಾಧುವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮೊಂತ್ರೊ ಊರಿನ ಕ್ಯಾಸಿನೊ ಸುಟ್ಟುಹೋದದ್ದು ಸಂಗೀತ ಕೇಳಲು ಬಂದ ಒಬ್ಬ ಒಳಗೆ ಹಾರಿಸಿದ ಫ್ಲೇರಿನಿಂದ. 1993ರಲ್ಲಿ ಕಾರ್ಡಿಫ್‌ನ ಫುಟ್‌ಬಾಲ್ ಮೈದಾನದಲ್ಲಿ ಕಡಲ ಸಂಕೇತದ ರಾಕೆಟ್ ಬಡಿದು ಪ್ರೇಕ್ಷಕರೊಬ್ಬರು ಸತ್ತರು.

ಯುರೋಪು ಈ ಪಾಠವನ್ನು ರಕ್ತ ಹರಿದ ಮೇಲೆ ಕಲಿಯಿತು. 2015ರ ಜನವರಿಯಲ್ಲಿ ಪ್ಯಾರಿಸಿನ ಯಹೂದಿ ಅಂಗಡಿಯ ಮೇಲೆ ದಾಳಿ ಮಾಡಿದವನ ಬಳಿ ಇದ್ದ ರೈಫಲುಗಳು ಸ್ಲೊವಾಕಿಯಾದಲ್ಲಿ ಬರೀ ಸದ್ದಿನ ಬಂದೂಕುಗಳೆಂದು ಮಾರಾಟವಾಗಿ, ಮತ್ತೆ ಗುಂಡು ಹಾರಿಸುವಂತೆ ಬದಲಾದವು. ಆಮೇಲೆ, 2019ರ ಜನವರಿಯಲ್ಲಿ, ಯುರೋಪಿಯನ್ ಒಕ್ಕೂಟ ಎಚ್ಚರಿಕೆ ಮತ್ತು ಸಂಕೇತದ ಬಂದೂಕುಗಳಿಗೆ ತಾಂತ್ರಿಕ ನಿಯಮ ಮಾಡಿತು: ಸಾಮಾನ್ಯ ಉಪಕರಣಗಳಿಂದ ಪರಿವರ್ತಿಸಲು ಬಾರದಂತೆ ಕಟ್ಟಿದ್ದರೆ ಮಾತ್ರ ಅದು ಸಂಕೇತ ಸಾಧನ, ಇಲ್ಲವಾದರೆ ಬಂದೂಕು. ಬ್ರಿಟನ್ನಿನಲ್ಲಿ 18 ದಾಟಿದವರು ಕೊಳ್ಳಬಹುದಾಗಿದ್ದ ಟರ್ಕಿಯ ಕೆಲವು ಸದ್ದಿನ ಪಿಸ್ತೂಲುಗಳು ಸುಲಭವಾಗಿ ಪರಿವರ್ತನೆಯಾಗುತ್ತವೆ ಎಂದು ಗೊತ್ತಾದಾಗ, 2025ರ ಫೆಬ್ರುವರಿಯಲ್ಲಿ ಸುಮಾರು ನಾಲ್ಕು ವಾರ ಕಾಲಾವಕಾಶ ಕೊಟ್ಟರು. ತಂದೊಪ್ಪಿಸಿದವರ ಮೇಲೆ ಇಟ್ಟುಕೊಂಡದ್ದಕ್ಕೆ ಕೇಸಿಲ್ಲ, ಆಮೇಲೆ ಸಿಕ್ಕವರಿಗೆ ಜೈಲು.

ಭಾರತ ಮಾಡಬೇಕಾದದ್ದು ಇವೆರಡನ್ನೂ. ಸಂಕೇತ ಪಿಸ್ತೂಲಿಗೊಂದು ಪ್ರತ್ಯೇಕ ವರ್ಗ, ಮಾದರಿ ಪರೀಕ್ಷೆ, ಮೀನುಗಾರರ ಮತ್ತು ಪರ್ವತಾರೋಹಿಗಳ ಸಂಘಗಳಿಗೆ ಎಟುಕುವ ಸರಳ ನೋಂದಣಿ ಬೇಕು. ಅದರ ತೋಟಾ ಸ್ಫೋಟಕ ಕಾಯ್ದೆಯ ವ್ಯಾಪ್ತಿಗೂ ಬರುವುದರಿಂದ ಎರಡು ಇಲಾಖೆಗಳ ನಡುವೆ ಅಲೆಸದ ಒಂದೇ ಅರ್ಜಿ ಇರಬೇಕು. ಟ್ರಂಕಿನ ಪಿಸ್ತೂಲಿಗೆ ಶಿಕ್ಷೆಯ ಭಯವಿಲ್ಲದ ಒಂದು ಅವಧಿ ಬೇಕು. ಲೈಸೆನ್ಸ್ ಮುಗಿದ ಆಯುಧವನ್ನು ಠಾಣೆಗೋ ಅಧಿಕೃತ ವ್ಯಾಪಾರಿಗೋ ಒಪ್ಪಿಸಬೇಕೆಂದು 21ನೇ ಸೆಕ್ಷನ್ ಈಗಲೇ ಹೇಳುತ್ತದೆ; ಲೈಸೆನ್ಸೇ ಇಲ್ಲದಿದ್ದ ವಸ್ತುವಿಗೆ ಆ ಬಾಗಿಲನ್ನು ತುಸು ಅಗಲಿಸಿದರಾಯಿತು. ಕೊಳವೆಗೆ ಮಾತ್ರ ಯಾವ ರಿಯಾಯಿತಿಯೂ ಸಲ್ಲದು. ಅದು ಏಳು ವರ್ಷಕ್ಕೆ ತಕ್ಕ ವಸ್ತು.

ಒಪ್ಪಿಸಲು ಹೇಳುವಾಗ ಸರ್ಕಾರ ದನಿ ತಗ್ಗಿಸಿ ಮಾತಾಡುವುದು ಒಳ್ಳೆಯದು. ಈ ಭಾಗದ ಜನಕ್ಕೆ ನೆನಪು ಗಟ್ಟಿ. 1857ರಲ್ಲಿ ಹತಾರಗಳನ್ನು ತಂದು ಲೆಕ್ಕ ಒಪ್ಪಿಸಿ ಎಂಬ ಹುಕುಮಿಗೆ ಹಲಗಲಿಯ ಬೇಡರು ಎದುರು ಬಿದ್ದು ಊರನ್ನೇ ಕಳೆದುಕೊಂಡ ಕತೆ ಲಾವಣಿಯಾಗಿ ಉಳಿದಿದೆ. ಬೀದರ, ಕಲಬುರಗಿ, ರಾಯಚೂರುಗಳನ್ನೂ ಆಳಿದ್ದ ನಿಜಾಮರ ರಾಜ್ಯ 1948ರಲ್ಲಿ ಕೊನೆಗೊಂಡ ಬಗೆಯೂ ಮನೆಮನೆಯ ಮಾತು. ಇತ್ತ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಸರಿಯೋ ತಪ್ಪೋ ಎಂಬ ಜಗಳ ಬೇರೆ. ನಂಬಬೇಕೆನಿಸಿದವರನ್ನು ನಂಬಲು ಇದೇ ಕಾಯ್ದೆಯಲ್ಲಿ ಜಾಗವಿದೆ ಎಂಬುದಂತೂ ಖಚಿತ.

ಇನ್ನು ಬಾಲಾನಗರ, ಜೀಡಿಮೆಟ್ಲದ ಲೇತ್ ಶೆಡ್ಡುಗಳು. ದಿನಗೂಲಿಯ ಟರ್ನರ್ ಮುಂದೆ ಯಾರೋ ಒಂದು ನಕ್ಷೆ ಇಡುತ್ತಾರೆ: ಹೊರ ಅಳತೆ ಇಷ್ಟು, ಒಳ ಅಳತೆ ಇಷ್ಟು, ಹತ್ತು ಪೀಸು ಬೇಕು. ಏತಕ್ಕೆ ಎಂದು ಕೇಳುವ ರೂಢಿ ಅಲ್ಲಿಲ್ಲ, ಕೇಳಿದರೆ ಗಿರಾಕಿ ಪಕ್ಕದ ಶೆಡ್ಡಿಗೆ ಹೋಗುತ್ತಾನೆ. ಕೇಸು ಬಿದ್ದಾಗ ತಯಾರಿಸಿದವನೆಂದು ಮೊದಲು ಸಿಕ್ಕಿಬೀಳುವವನು ಈ ಟರ್ನರ್. ನಕ್ಷೆ ತಂದವನ ಫೋನು ಅಷ್ಟರಲ್ಲಿ ಸ್ವಿಚ್ ಆಫ್ ಆಗಿರುತ್ತದೆ. ಯಾವ ಅಳತೆಯ ಕೊಳವೆ ಕಂಡರೆ ಕೆಲಸ ನಿರಾಕರಿಸಬೇಕು, ಯಾರಿಗೆ ತಿಳಿಸಬೇಕು ಎಂದು ತೆಲುಗು, ಉರ್ದು, ಹಿಂದಿಯಲ್ಲಿ ಒಂದು ಪುಟ ಮುದ್ರಿಸಿ ಆ ಶೆಡ್ಡುಗಳ ಗೋಡೆಗೆ ಅಂಟಿಸಲು ಹೊಸ ಕಾನೂನೇನೂ ಬೇಕಿಲ್ಲ.